ದುಡ್ಡು ಕೊಟ್ಟು ಲಿಂಕ್ ಹಾಕಿಸಿದರೆ ನಮ್ಮ ಹೋಂಸ್ಟೇ ಗೂಗಲ್‌ನಲ್ಲಿ ಮೇಲೆ ಬರುತ್ತದೆಯೇ?

ಕುಮಟಾದಲ್ಲಿ ಹೋಂಸ್ಟೇ ಇದೆ, ಯಾರೋ ಒಬ್ಬರು ‘5,000 ರೂಪಾಯಿ ಕೊಡಿ, 500 ಲೇಖನಗಳಲ್ಲಿ ನಿಮ್ಮ ಲಿಂಕ್ ಹಾಕಿಸ್ತೇನೆ’ ಅಂದಿದ್ದಾರೆ, ಕೊಡಬಹುದಾ ಎಂದು ಕೇಳಿದ್ದೀರಿ. ದಯವಿಟ್ಟು ಕೊಡಬೇಡಿ. ನಾನು ಕೊಟ್ಟು ನೋಡಿದ್ದೇನೆ.

ನಮ್ಮದು ಶಿರಸಿ ಹತ್ತಿರದ ಹಳ್ಳಿ. ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇವೆ. ದುಡ್ಡು ತಗೊಂಡವರು ಸಾಲ, ಕ್ರಿಕೆಟ್, ಕೂದಲೆಣ್ಣೆ ಅಂತ ಎಲ್ಲೆಲ್ಲಿಯದೋ ಲೇಖನಗಳಲ್ಲಿ ನಮ್ಮ ಲಿಂಕ್ ತುರುಕಿದ್ದರು. ಎಲ್ಲ ಕಡೆಯೂ ‘ಬೆಸ್ಟ್ ಉಪ್ಪಿನಕಾಯಿ ಆನ್‌ಲೈನ್’ ಎನ್ನುವ ಒಂದೇ ಮಾತಿನ ಮೇಲೆ. ಕೆಲವು ತಿಂಗಳಲ್ಲೇ ಸರ್ಚ್ ಕನ್ಸೋಲ್‌ನಲ್ಲಿ (ಸೈಟ್ ಇರುವವರಿಗೆ ಗೂಗಲ್ ಕೊಡುವ ಉಚಿತ ಸಾಧನ) ಗೂಗಲ್‌ನ ಎಚ್ಚರಿಕೆ ಬಂತು. ಆರ್ಡರ್ ಇಳಿದವು. ಒಂದೊಂದೇ ಸೈಟಿಗೆ ಮೇಲ್ ಬರೆದು ಲಿಂಕ್ ತೆಗೆಸಿದೆ. ತೆಗೆಯದವರದ್ದನ್ನು ‘ಲೆಕ್ಕಕ್ಕೆ ತಗೋಬೇಡಿ’ ಎಂದು ಗೂಗಲ್‌ಗೆ ಪಟ್ಟಿ ಕೊಟ್ಟೆ. ಆಮೇಲೆ ಮರುಪರಿಶೀಲನೆಗೆ ಅರ್ಜಿ.

ಸೊಸೈಟಿಯಲ್ಲಿ ಸಾಲಕ್ಕೆ ಜಾಮೀನು ಹಾಕುತ್ತಾರಲ್ಲ, ಬೇರೆ ಸೈಟಿನವರು ನಮಗೆ ಕೊಡುವ ಲಿಂಕ್ ಕೂಡ ಗೂಗಲ್‌ಗೆ ಹಾಗೇ. ಎಷ್ಟು ಸಹಿ ಅನ್ನೋದಕ್ಕಿಂತ ಯಾರ ಸಹಿ ಅನ್ನೋದು ಮುಖ್ಯ. 1998ರಲ್ಲಿ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಗೂಗಲ್ ಶುರು ಮಾಡಿದ್ದೇ ಈ ಲೆಕ್ಕದ ಮೇಲೆ. ಜನ ಜಾಮೀನನ್ನೇ ಮಾರತೊಡಗಿದರು. 2012ರ ಏಪ್ರಿಲ್‌ನಲ್ಲಿ ಗೂಗಲ್ ತನ್ನ ಹುಡುಕಾಟದ ಲೆಕ್ಕದಲ್ಲಿ ತಂದ ಪೆಂಗ್ವಿನ್ ಎಂಬ ಬದಲಾವಣೆ ಅಂಥ ಸೈಟುಗಳನ್ನು ಕೆಳಗೆ ತಳ್ಳಿತು.

ನಮಗೆ ನಿಜವಾಗಿ ಕೆಲಸಕ್ಕೆ ಬಂದದ್ದು ಒಂದೇ ಲೇಖನ. ಮಿಡಿ ಕೊಯ್ದ ಮೇಲೆ ತೊಟ್ಟು ಎಷ್ಟು ಬಿಡಬೇಕು, ಸೊನೆ ಏಕೆ ಉಳಿಸಬೇಕು, ಉಪ್ಪಿನಲ್ಲಿ ಎಷ್ಟು ದಿನ ಇಡಬೇಕು ಎಂದು ನನ್ನ ಅತ್ತೆಯನ್ನು ಕೇಳಿ ಕೇಳಿ ಬರೆದೆ. ಅಡುಗೆ ಬಗ್ಗೆ ಬರೆಯುವ ಕೆಲವರು ತಾವಾಗಿಯೇ ಅದಕ್ಕೆ ಲಿಂಕ್ ಕೊಟ್ಟರು. ನಾವು ಯಾರಿಗೂ ಒಂದು ರೂಪಾಯಿ ಕೊಟ್ಟಿಲ್ಲ.

ನಿಮ್ಮ ಅತಿಥಿಗಳು ದಿನಾ ಕೇಳುವುದನ್ನೇ ಬರೆಯಿರಿ. ಮಳೆಗಾಲದಲ್ಲಿ ಯಾಣಕ್ಕೆ ಹೋಗಬಹುದಾ, ಉಂಬಳ ಜಾಸ್ತಿನಾ, ಕುಮಟಾ ಸ್ಟೇಷನ್ನಿನಿಂದ ಹೋಗೋದು ಹೇಗೆ, ದೇವಿಮನೆ ಘಾಟಿನಲ್ಲಿ ರಾತ್ರಿ ಗಾಡಿ ಓಡಿಸಬಹುದಾ. ಇದನ್ನು ಬೆಂಗಳೂರಲ್ಲಿ ಕೂತವರು ಬರೆಯಲಾರರು, ಅಲ್ವಾ? ಆ ಲೇಖನದಿಂದ ನಿಮ್ಮ ಕೋಣೆಗಳ ಪುಟಕ್ಕೆ ಲಿಂಕ್ ಕೊಡಿ. ‘ಇಲ್ಲಿ ಒತ್ತಿ’ ಎಂದು ಸುಮ್ನೆ ಹಾಕಬೇಡಿ. ‘ಯಾಣಕ್ಕೆ ಹೋಗುವವರಿಗೆ ಕೋಣೆ’ ಎಂದು ಬರೆದರೆ ಓದುವವರಿಗೂ ಗೂಗಲ್‌ಗೂ ತಿಳಿಯುತ್ತದೆ.

ಜಾಹೀರಾತಿಗೆ ದುಡ್ಡು ಕೊಡುವುದು ತಪ್ಪಲ್ಲ. ಆದರೆ ಇದು ದುಡ್ಡು ಕೊಟ್ಟ ಲಿಂಕ್ ಎಂದು ಗೂಗಲ್‌ಗೆ ತಿಳಿಯುವಂತೆ ಆ ಲಿಂಕಿನ ಕೋಡ್‌ನಲ್ಲಿ ‘ಸ್ಪಾನ್ಸರ್ಡ್’ (rel="sponsored") ಗುರುತು ಹಾಕಿಸಿ. 2019ರಿಂದ ಆ ಗುರುತು ಇದೆ.

ಯಾಣದ ಲೇಖನದಿಂದಲೇ ಶುರು ಮಾಡಿ. ಬರೆದಾದ ಮೇಲೆ, ನಿಮ್ಮಲ್ಲಿ ಉಳಿದು ಹೋದವರಲ್ಲಿ ಪ್ರವಾಸದ ಬಗ್ಗೆ ಬರೆಯುವವರಿದ್ದರೆ ಅವರಿಗೊಮ್ಮೆ ಕಳಿಸಿ. ಲಿಂಕ್ ಹಾಕಿ ಎಂದು ಕೇಳಲೂ ಬೇಡಿ, ಓದಿ ಎನ್ನಿ ಸಾಕು.