ಎಚ್‌ಡಿಪಿಇ, ಪಿಪಿ ಬೆರೆಸಿದ ಹಲಗೆ ಪದರ ಬಿಡುವುದೇಕೆ?

ಕ್ಯಾನಿನ ಎಚ್‌ಡಿಪಿಇ (ಹೆಚ್ಚು ಸಾಂದ್ರತೆಯ ಪಾಲಿಎಥಿಲೀನ್ ಪ್ಲಾಸ್ಟಿಕ್), ಕುರ್ಚಿಯ ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಅರ್ಧರ್ಧ ಕರಗಿಸಿ ಒತ್ತಿದ ಹಲಗೆ ಬಗ್ಗಿಸಿದರೆ ಪದರ ಬಿಡುತ್ತೆ ಅಂದಿದ್ದೀರಿ. ಶಾಖ ಕಮ್ಮಿಯಾಗಿ ಹೀಗಾದದ್ದಲ್ಲ. ಕರಗಿದಾಗಲೂ ಇವೆರಡು ಒಂದರಲ್ಲೊಂದು ಬೆರೆಯುವುದಿಲ್ಲ.

ಸರಪಳಿಯಂತೆ ಉದ್ದವಾದ ಇವೆರಡರ ಅಣುಗಳಲ್ಲೂ ಇರುವುದು ಬರೀ ಕಾರ್ಬನ್, ಹೈಡ್ರೋಜನ್. ಒಂದು ಅಣುವನ್ನು ಇನ್ನೊಂದಕ್ಕೆ ಹಿಡಿದಿಡುವುದು ದುರ್ಬಲವಾದ ವಾನ್ ಡರ್ ವಾಲ್ಸ್ ಸೆಳೆತ ಮಾತ್ರ. ತನ್ನ ಜಾತಿಯ ಸರಪಳಿಯ ಮೇಲಿನ ಸೆಳೆತ ಒಂದು ಚೂರು ಜಾಸ್ತಿ, ಅಷ್ಟೇ. ಪೆಟ್ರೋಲಿನಂಥ ಸಣ್ಣ ಅಣುಗಳಲ್ಲಿ ಆ ಚೂರು ಲೆಕ್ಕಕ್ಕೆ ಬರಲ್ಲ. ಇಲ್ಲಿ ಒಂದೊಂದು ಸರಪಳಿಯಲ್ಲಿ ಸಾವಿರಾರು ಕೊಂಡಿ, ಕೊಂಡಿಗೊಂದು ಚೂರು ಕೂಡುತ್ತಾ ಹೋಗುತ್ತೆ. ಕೊನೆಗೆ ಒಂದು ಇನ್ನೊಂದರೊಳಗೆ ಹನಿಹನಿಯಾಗಿ ನಿಲ್ಲುತ್ತೆ. ಹನಿಯ ಅಂಚಿನಲ್ಲಿ ಸರಪಳಿಗಳು ಹೆಣೆದುಕೊಳ್ಳುವುದು ಕೆಲವೇ ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು) ಆಳ. ಬಗ್ಗಿಸಿದಾಗ ಬಿಡುವುದು ಅಲ್ಲೇ. ಚೆನ್ನಾಗಿ ಕಲಸಿದರೆ ಹನಿ ಸಣ್ಣದಾಗುತ್ತೆ ನಿಜ, ಆದರೆ ಬಿಸಿಯಲ್ಲಿ ಹಾಗೇ ಬಿಟ್ಟರೆ ಮತ್ತೆ ಕೂಡಿ ದೊಡ್ಡದಾಗುತ್ತೆ.

ಆದ್ದರಿಂದ ಮೊದಲು ಬೇರ್ಪಡಿಸಿ. ವಸ್ತುವಿನ ಮೇಲೆ ಅಚ್ಚಾದ ತ್ರಿಕೋನದೊಳಗೆ 2 ಇದ್ದರೆ ಎಚ್‌ಡಿಪಿಇ, 5 ಇದ್ದರೆ ಪಿಪಿ. ಗುರುತು ಇಲ್ಲದ ಚೂರಿಗೆ ನೀರಿನ ಪರೀಕ್ಷೆ ಸಾಲದು, ಎರಡೂ ತೇಲುತ್ತವೆ. ಶುದ್ಧ ಐಸೋಪ್ರೊಪೈಲ್ ಆಲ್ಕೋಹಾಲ್, ನೀರು ಅಳತೆಯಲ್ಲಿ (ತೂಕದಲ್ಲಲ್ಲ) ಸಮವಾಗಿ ಬೆರೆಸಿ ತಣಿಯಲು ಬಿಟ್ಟು ಚೂರು ಹಾಕಿ: ಪಿಪಿ ತೇಲುತ್ತೆ, ಎಚ್‌ಡಿಪಿಇ ಮುಳುಗುತ್ತೆ. ಚೂರಿಗೆ ಅಂಟಿದ ಗುಳ್ಳೆ ಒರೆಸಿ ನೋಡಿ, ಒಲೆಯಿಂದ ದೂರವಿರಿ. ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ತುಂಬಿದ ಕುರ್ಚಿಗಳ ಪಿಪಿ ಮಾತ್ರ ಇದರಲ್ಲೂ ಮುಳುಗಿ ದಾರಿ ತಪ್ಪಿಸುತ್ತೆ.

ಬೆರೆಸಲೇಬೇಕಾದರೆ ಅರ್ಧರ್ಧ ಬೇಡ, ಒಂದನ್ನು 10% ಒಳಗೆ ಇಡಿ. ಕಿಲೋಗೆ 50–100 ಗ್ರಾಂ ಎಥಿಲೀನ್-ಪ್ರೊಪಿಲೀನ್ ರಬ್ಬರ್ ಸೇರಿಸಿದರೆ ಅದು ಹನಿಗಳ ಅಂಚಿನಲ್ಲಿ ಕೂತು ಎರಡೂ ಕಡೆ ಹಿಡಿಯುತ್ತೆ. ಒಲೆಯಲ್ಲಿ ಬರೀ ಕರಗಿಸಿದರೆ ಅದು ಹರಡುವುದಿಲ್ಲ, ಎಕ್ಸ್‌ಟ್ರೂಡರ್‌ನಲ್ಲೇ (ಪ್ಲಾಸ್ಟಿಕ್ ಕರಗಿಸಿ ತಿರುಪಿನಿಂದ ಕಲಸಿ ಹೊರದೂಡುವ ಯಂತ್ರ) ಕಲಸಬೇಕು. ಕೆಲವರು ಹೇಳುವ ಮಲೀಕ್ ಆನ್‌ಹೈಡ್ರೈಡ್ ಪಿಪಿ (ಆ ರಾಸಾಯನಿಕವನ್ನು ಸರಪಳಿಗೆ ಕೂಡಿಸಿದ ಪಿಪಿ) ಇದಕ್ಕಲ್ಲ. ಅದು ನೈಲಾನ್ ಜೊತೆ ಬೆರೆಸುವಾಗಿನದು: ನೈಲಾನ್ ಸರಪಳಿಯ ಅಮೈನ್ ತುದಿಗೆ (ಸಾರಜನಕವಿರುವ ತುದಿ) ರಾಸಾಯನಿಕವಾಗಿ ಕೂಡುತ್ತೆ. ಎಚ್‌ಡಿಪಿಇಯಲ್ಲಿ ಅಂಥ ತುದಿಯೇ ಇಲ್ಲ.

ಒತ್ತುವಾಗ 190 ಡಿಗ್ರಿ ಸೆಲ್ಸಿಯಸ್ ಸಾಕು. ಪಿಪಿ ಕರಗುವುದೇ 160ರ ಆಸುಪಾಸಿನಲ್ಲಿ. ಕರಗಿದ ಮೇಲೆ ಕಾಯಿಸುತ್ತಾ ಕೂರಬೇಡಿ, ಒತ್ತಡದಲ್ಲೇ ತಣಿಸಿ.

ಪಿವಿಸಿ ಪೈಪಿನ ಚೂರು ಒಂದೂ ಸೇರದಂತೆ ನೋಡಿಕೊಳ್ಳಿ. ಈ ಶಾಖಕ್ಕೆ ಅದು ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬಿಡುತ್ತೆ, ಉಸಿರಿಗೂ ಅಚ್ಚಿಗೂ ಹಾನಿ. ಅದು ನೀರಲ್ಲೇ ಮುಳುಗುವುದರಿಂದ ಮೊದಲ ತೊಳೆಯುವಿಕೆಯಲ್ಲೇ ತಳಕ್ಕಿಳಿದದ್ದನ್ನೆಲ್ಲ ತೆಗೆದುಬಿಡಿ.