ಹಗಲು ನಿದ್ದೆಗೆ ಕತ್ತಲ ಕೋಣೆ, ಸಾವಿರ ರೂಪಾಯಿಯೊಳಗೆ

ಪ್ರಶ್ನೆ: ಪೀಣ್ಯದ ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿ. ಬೆಳಿಗ್ಗೆ ಎಂಟಕ್ಕೆ ಮಲಗಿದರೆ ಹತ್ತೂವರೆಗೇ ಎಚ್ಚರವಾಗುತ್ತದೆ. ಬಾಡಿಗೆ ಮನೆ. ಪೂರ್ವಕ್ಕೆ ನಾಲ್ಕಡಿ ಚೌಕದ ಕಿಟಕಿ, ಅದರ ಮೇಲೊಂದು ವೆಂಟಿಲೇಟರ್. ಗೋಡೆಗೆ ಡ್ರಿಲ್ ಹಾಕಲು ಮಾಲೀಕರು ಬಿಡುವುದಿಲ್ಲ. ದಪ್ಪ ಪರದೆ ತಂದು ಹಾಕಿದರೂ ಕೋಣೆ ಬೆಳಕಾಗಿಯೇ ಇದೆ. ಸಾವಿರ ರೂಪಾಯಿಯಲ್ಲಿ ಏನಾದರೂ ಆದೀತೇ?

ಉತ್ತರ: ಆಗುತ್ತದೆ. ಇನ್ನೂ ದಪ್ಪನೆಯ ಪರದೆ ಹುಡುಕಿಕೊಂಡು ಮಾತ್ರ ಹೋಗಬೇಡಿ. ಪರದೆಯ ರಾಡ್ ಗೋಡೆಯಿಂದ ಎರಡು ಮೂರು ಇಂಚು ಮುಂದಿರುತ್ತದೆ. ಆ ಸಂದಿಯಿಂದ ಮೇಲೆದ್ದ ಬೆಳಕು ಬಿಳಿ ಸೂರಿಗೆ ಬಡಿದು ಕೋಣೆಯಿಡೀ ಹರಡುತ್ತದೆ. ಬಟ್ಟೆ ಕಂಬಳಿಯಷ್ಟು ದಪ್ಪವಿದ್ದರೂ ಅಂಚು ತೆರೆದಿದ್ದರೆ ಪ್ರಯೋಜನವಿಲ್ಲ.

ಎಷ್ಟು ಕತ್ತಲೆ ಬೇಕು? ನಿದ್ದೆ ಮತ್ತು ಬೆಳಕಿನ ಕುರಿತು ಸಂಶೋಧನೆ ಮಾಡುವ ವಿಜ್ಞಾನಿಗಳ ತಂಡವೊಂದು 2022ರಲ್ಲಿ ಕೊಟ್ಟ ಸಲಹೆಯಂತೆ ಮಲಗಿದವರ ಕಣ್ಣಿಗೆ ಬೀಳುವ ಬೆಳಕು 1 ಲಕ್ಸ್ (ಬೆಳಕು ಎಷ್ಟು ಬೀಳುತ್ತದೆಂದು ಹೇಳುವ ಅಳತೆ) ದಾಟಬಾರದು. ಹುಣ್ಣಿಮೆಯ ಬೆಳದಿಂಗಳು ಅರ್ಧ ಲಕ್ಸ್ ಕೂಡ ಇರುವುದಿಲ್ಲ. ಹೊರಗಿನ ನೆತ್ತಿ ಬಿಸಿಲು ಲಕ್ಷದ ಹತ್ತಿರ ಹೋಗುತ್ತದೆ. ಹಗಲು ಮಲಗುವವರಿಗೆ ಬೆರಳಗಲದ ಸಂದಿಯೂ ದುಬಾರಿಯಾಗುವುದು ಇದಕ್ಕೇ.

ಮೊದಲು ಸಂದಿ ಹುಡುಕಿ. ಬಿಸಿಲು ಕಿಟಕಿಗೆ ಹೊಡೆಯುವಾಗ ಎಲ್ಲ ಮುಚ್ಚಿ, ದೀಪ ಆರಿಸಿ, ಹತ್ತು ನಿಮಿಷ ಸುಮ್ಮನೆ ಕೂತುಕೊಳ್ಳಿ. ಕಣ್ಣು ಹೊಂದಿಕೊಂಡ ಮೇಲೆ ಬೆಳಕು ಬರುವ ಕಡೆಯಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿ. ಮೊಬೈಲಿನ ಲಕ್ಸ್ ಆ್ಯಪ್‌ಗಳು ಇಷ್ಟು ಕಡಿಮೆ ಬೆಳಕಿನಲ್ಲಿ ನಂಬಿಕೆಗೆ ಸಾಲವು. ಕೈ ಚಾಚಿ ಬೆರಳು ಎಣಿಸಲು ಬಂದರೆ ಕೆಲಸ ಇನ್ನೂ ಬಾಕಿ ಇದೆ ಎಂದುಕೊಳ್ಳಿ.

ಕಿಟಕಿಗೆ ನಮ್ಮ ಸಲಹೆ ವೆಲ್ಕ್ರೊ, ಅಂದರೆ ಸೊಳ್ಳೆ ಜಾಲರಿಗೆ ಬಳಸುವ ಅದೇ ಪಟ್ಟಿ. ಅದನ್ನು ಗೋಡೆಗೆ ಅಂಟಿಸಬೇಡಿ, ಡಿಸ್ಟೆಂಪರ್ ಚಕ್ಕೆಯ ಸಮೇತ ಕಿತ್ತು ಬರುತ್ತದೆ. ಚೌಕಟ್ಟಿಗೆ ಅಂಟಿಸಿ. ಕಿಟಕಿಯ ಬೆಳಕೆಲ್ಲ ಚೌಕಟ್ಟಿನ ಒಳಗಿಂದಲೇ ಬರಬೇಕಾದ್ದರಿಂದ ಅಲ್ಲಿ ಸುತ್ತಲೂ ಮುಚ್ಚಿದರೆ ಮುಗಿಯಿತು. ನಿಮ್ಮ ಚೌಕಟ್ಟಿನ ಹೊರ ಅಳತೆ 48 ಇಂಚು ಅಂದುಕೊಂಡರೆ ಸುತ್ತಳತೆ 192 ಇಂಚು; ಒಂದಿಂಚು ಅಗಲದ ವೆಲ್ಕ್ರೊ ಐದು ಮೀಟರ್ ಸಾಕು. ಅದಕ್ಕೆ ಒತ್ತಿ ಅಂಟಿಸುವ ಬ್ಲ್ಯಾಕ್‌ಔಟ್ ಬಟ್ಟೆ, ಅಂದರೆ ಬೆಳಕು ತೂರದಂತೆ ಲೇಪನ ಹಾಕಿದ ಬಟ್ಟೆ, 54 ಇಂಚು ಪನ್ನದ್ದಾದರೆ ಒಂದೂವರೆ ಮೀಟರ್. ಅಂಚು ಮಡಿಸಿ ಹೊಲಿದರೂ ಉಳಿಯುತ್ತದೆ. ಅಂಗಡಿಯಲ್ಲೇ ಮೊಬೈಲ್ ಟಾರ್ಚನ್ನು ಬಟ್ಟೆಗೆ ಒತ್ತಿ ಹಿಡಿದು ನೋಡಿ. ಚುಕ್ಕೆ ಚುಕ್ಕೆಯಾಗಿ ಬೆಳಕು ಕಂಡರೆ ಬೇರೆ ತೋರಿಸಲು ಹೇಳಿ.

ದರ್ಜಿಗೆ ಒಂದು ಮಾತು ಹೇಳಲೇಬೇಕು: ಹೊಲಿಗೆ ಅಂಚಿನಲ್ಲಿ ಮಾತ್ರ, ನಡುವೆ ಜೋಡಣೆ ಬೇಡ. ಇಂಥ ಬಟ್ಟೆಯಲ್ಲಿ ಸೂಜಿ ಹೋದ ತೂತು ಮುಚ್ಚಿಕೊಳ್ಳುವುದಿಲ್ಲ, ಬಿಸಿಲಿಗೆ ನಕ್ಷತ್ರದ ಸಾಲಿನಂತೆ ಹೊಳೆಯುತ್ತದೆ. ಅಂಚಿನ ತೂತಿನ ಹಿಂದೆ ಚೌಕಟ್ಟು ಇರುವುದರಿಂದ ತೊಂದರೆಯಿಲ್ಲ. ಮೆತ್ತನೆಯ ಪಟ್ಟಿ ಬಟ್ಟೆಗೆ, ಒರಟಾದ ಪಟ್ಟಿ ಚೌಕಟ್ಟಿಗೆ. ಸೊಳ್ಳೆ ಜಾಲರಿಗೆಂದು ಚೌಕಟ್ಟಿನಲ್ಲಿ ಈಗಾಗಲೇ ವೆಲ್ಕ್ರೊ ಇದ್ದರೆ ಹೊಸದೇ ಬೇಡ. ಹಗಲಿಗೆ ಜಾಲರಿ ತೆಗೆದು ಅದೇ ಪಟ್ಟಿಗೆ ಬಟ್ಟೆ ಒತ್ತಿ.

ಈ ಕೆಲಸ ಕೆಡುವುದು ಸಾಮಾನ್ಯವಾಗಿ ಅಂಟಿನಲ್ಲಿ. ಚೌಕಟ್ಟಿನ ಧೂಳು, ಜಿಡ್ಡನ್ನು ಸ್ಪಿರಿಟ್‌ನಲ್ಲಿ ಒರೆಸಿ, ಒಣಗಿದ ಮೇಲೆ ಅಂಟಿಸಿ, ಒಂದು ಇಡೀ ದಿನ ಬಿಟ್ಟು ಆಮೇಲೆ ಬಟ್ಟೆ ತೂಗುಹಾಕಿ. ಪೂರ್ವದ ಬಿಸಿಲಿಗೆ ಅಂಟು ಮೆದುವಾಗಿ ಮೇಲಿನ ಪಟ್ಟಿ ಮೊದಲು ಜಾರುತ್ತದೆ. ಚೌಕಟ್ಟು ಮರದ್ದಾಗಿದ್ದು ಮಾಲೀಕರು ಒಪ್ಪಿದರೆ ಮೇಲಿನ ಪಟ್ಟಿಗೆ ಆರು ಇಂಚಿಗೊಂದರಂತೆ ಸಣ್ಣ ಮೊಳೆ ಹೊಡೆಯಿರಿ.

ಕಪ್ಪು ಚಾರ್ಟ್ ಪೇಪರನ್ನು ಗಾಜಿಗೇ ಅಂಟಿಸುವುದು ಎಲ್ಲಕ್ಕಿಂತ ಅಗ್ಗ, ಆದರೆ ನಾವು ಬೇಡ ಎನ್ನುತ್ತೇವೆ. ಕಪ್ಪು ಕಾಗದ ಬಿಸಿಲು ಹೀರಿ ಗಾಜಿನ ನಡುಭಾಗ ಕಾಯುತ್ತದೆ, ಚೌಕಟ್ಟಿನೊಳಗಿನ ಅಂಚು ತಣ್ಣಗೇ ಇರುತ್ತದೆ. ಈ ಎಳೆದಾಟದಲ್ಲಿ ಸಾದಾ ಗಾಜು ಅಂಚಿನಿಂದ ಸೀಳಬಹುದು. ಥರ್ಮೋಕೋಲ್ ಹಾಳೆಯೂ ಮೋಸ. ಬೆಳಕಿಗೆ ಹಾಲಿನ ಹಾಗೆ ಹೊಳೆಯುತ್ತದೆ.

ಇನ್ನು ವೆಂಟಿಲೇಟರ್. ಕಿಟಕಿ ಮುಚ್ಚಿದ ಮೇಲೆ ಗಾಳಿಗೆ ಉಳಿಯುವ ದಾರಿ ಇದೊಂದೇ, ಪೂರ್ತಿ ಮುಚ್ಚಿದರೆ ಮಧ್ಯಾಹ್ನದ ಹೊತ್ತಿಗೆ ಧಗೆಯಿಂದಲೇ ಎಚ್ಚರವಾಗುತ್ತದೆ. ಫೋಟೊ ತೊಳೆಯುತ್ತಿದ್ದ ಡಾರ್ಕ್‌ರೂಮಿನ ಉಪಾಯ ಇಲ್ಲಿ ಒದಗುತ್ತದೆ. ರಟ್ಟಿನ ಪೆಟ್ಟಿಗೆಯಿಂದ ಎರಡು ಹಾಳೆ ಕತ್ತರಿಸಿ. ಮೊದಲನೆಯದು ವೆಂಟಿಲೇಟರಿನ ಮೇಲಂಚಿನಿಂದ ಇಳಿದು ಕೆಳಗೆ ಎರಡಿಂಚು ಬಿಡಲಿ. ಎರಡನೆಯದು ಅದರ ಮುಂದೆ ಎರಡಿಂಚು ಅಂತರದಲ್ಲಿ, ಕೆಳಗೆ ಮುಚ್ಚಿ ಮೇಲೆ ಎರಡಿಂಚು ತೆರೆದಿರಲಿ. ಇಕ್ಕೆಲ ಮತ್ತು ತಳವನ್ನು ರಟ್ಟಿನಿಂದಲೇ ಮುಚ್ಚಿ, ಒಳಮೈಗೆಲ್ಲ ಕಪ್ಪು ಕಾಗದ ಅಂಟಿಸಿ. ಗಾಳಿ ತಿರುಗಿಕೊಂಡು ಬರುತ್ತದೆ, ಬೆಳಕು ಆ ತಿರುವುಗಳಲ್ಲಿ ಸಾಯುತ್ತದೆ. ಹೊಳಪಿನ ಕಾಗದ ಬಳಸಿದರೆ ಬೆಳಕು ಪುಟಿದು ಒಳಗೆ ಬರುತ್ತದೆ, ಮಂಕಾದದ್ದೇ ಬೇಕು. ಕೋಣೆಗೆ ಸೇರಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ದರೆ ಆ ಬಚ್ಚಲಿನ ವೆಂಟಿಲೇಟರ್ ಮಾತ್ರ ಯಾವ ಕಾರಣಕ್ಕೂ ಮುಚ್ಚಬೇಡಿ. ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಜೀವ ತೆಗೆಯುತ್ತದೆ.

ಬಾಗಿಲಡಿಯ ಸಂದಿಗೆ ಸುರುಳಿ ಸುತ್ತಿದ ಟವೆಲ್, ಚಾರ್ಜರ್ ಮತ್ತು ವೈಫೈ ಡಬ್ಬಿಯ ಮಿಣುಕು ದೀಪಗಳಿಗೆ ಕಪ್ಪು ಇನ್ಸುಲೇಷನ್ ಟೇಪ್. ಎದ್ದ ಕೂಡಲೇ ಬಟ್ಟೆ ಬಿಚ್ಚಿ ಬೆಳಕು ಬಿಡಿ, ಕೋಣೆಯ ತೇವವೂ ಆರುತ್ತದೆ. ಬಟ್ಟೆಯನ್ನು ಮೆಷಿನ್‌ಗೆ ಹಾಕಿದರೆ ಲೇಪನ ಬಿರಿಯುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಪ್ರಶ್ನೆ: ಬೀದಿಯ ಎಲ್‌ಇಡಿ ದೀಪ ನೇರ ನಮ್ಮ ಮಂಚಕ್ಕೆ ಬೀಳುತ್ತದೆ. ಪೂರ್ತಿ ಕತ್ತಲೆ ಮಾಡೋಣವೆಂದರೆ ಅತ್ತೆ ರಾತ್ರಿ ಎರಡು ಸಲ ಬಚ್ಚಲಿಗೆ ಏಳುತ್ತಾರೆ. ನೀಲಿ ಜೀರೋ ಬಲ್ಬ್ ಹಾಕಿಡುವುದು ಸರಿಯೇ?

ಉತ್ತರ: ನೀಲಿ ಬೇಡ. ನಿದ್ದೆಯ ಹಾರ್ಮೋನನ್ನು ಅತಿ ಹೆಚ್ಚು ತಡೆಯುವ ಬಣ್ಣವೇ ಅದು, ತಂಪು ಅನ್ನಿಸುವುದು ಕಣ್ಣಿಗಷ್ಟೇ. ಅರ್ಧ ವ್ಯಾಟಿನ ಕೆಂಪು ಅಥವಾ ಕಿತ್ತಳೆ ಬಣ್ಣದ ಎಲ್‌ಇಡಿಯನ್ನು ಮಂಚಕ್ಕಿಂತ ಕೆಳಗಿನ ಪ್ಲಗ್‌ಗೆ ಹಾಕಿ. ನೆಲ ಕಾಣಬೇಕು, ಮಲಗಿದವರಿಗೆ ಬಲ್ಬ್ ಕಾಣಬಾರದು. ಬಚ್ಚಲ ದಾರಿಯಲ್ಲಿ ಇನ್ನೊಂದು ಇದ್ದರೆ ಅತ್ತೆಯವರು ದೊಡ್ಡ ದೀಪ ಹಾಕುವ ಅಗತ್ಯವೇ ಬರುವುದಿಲ್ಲ. ಬೀದಿದೀಪದ ಹೊಣೆ ನಗರಸಭೆ ಅಥವಾ ಪಂಚಾಯಿತಿಯದು. ಕಂಬದ ಸಂಖ್ಯೆ ಬರೆದು, ದೀಪವನ್ನು ರಸ್ತೆಯ ಕಡೆ ಓರೆ ಮಾಡಿ ಅಥವಾ ಮನೆಯ ಬದಿಗೆ ತಗಡಿನ ಮರೆ ಹಾಕಿ ಎಂದು ಅರ್ಜಿ ಕೊಡಿ. ಅಲ್ಲಿಯವರೆಗೆ ಕಿಟಕಿಗೆ ಮೇಲೆ ಹೇಳಿದ ಬಟ್ಟೆಯನ್ನೇ ಹಾಕಿ. ನಿಮ್ಮ ದೀಪ ಮೇಲಿಂದ ಓರೆಯಾಗಿ ಬೀಳುವುದರಿಂದ ಕಿಟಕಿಯ ಮೇಲಿನ ಮುಕ್ಕಾಲು ಭಾಗ ಮುಚ್ಚಿದರೂ ಸಾಕಾಗಬಹುದು, ಕೆಳಗಿನ ಕಾಲು ಭಾಗ ಗಾಳಿಗೆ ಉಳಿಯುತ್ತದೆ. ಹೊಲಿಸುವ ಮೊದಲು ಒಂದು ರಾತ್ರಿ ಹಳೆಯ ದುಪ್ಪಟಿ ಕಟ್ಟಿ ನೆರಳು ಎಲ್ಲಿಗೆ ಬೀಳುತ್ತದೆಂದು ನೋಡಿಕೊಳ್ಳಿ.