ಮೊಲ ತರುವ ಮುಂಚೆ ಹಿಕ್ಕೆ ನೋಡುವುದನ್ನು ಕಲಿಯಿರಿ

ನೀವು ಎರಡು ಮಾತು ಕೇಳಿದ್ದೀರಿ. ಸಂತೆಯಲ್ಲಿ ನೋಡಿದ ಬಿಳಿ ಮೊಲದ ಜೋಡಿ ಬೇಕೆಂದು ಎಂಟು ವರ್ಷದ ಮಗ ಹಟ ಹಿಡಿದಿದ್ದಾನೆ, ಗದಗದ ಬಿಸಿಲಲ್ಲಿ ಸಾಕಬಹುದೇ? ಮತ್ತೆ, ಮೊಲ ಸಾಕಿದವರು ಅದರಲ್ಲೇ ಮುಳುಗಿಹೋಗುತ್ತಾರಲ್ಲ, ಯಾಕೆ? ನಾನು ಧಾರವಾಡದವಳು. ನಮ್ಮ ಮನೆಯ ಮೊಲಗಳಲ್ಲಿ ಒಂದನ್ನೂ ಕೊಂಡು ತಂದಿಲ್ಲ, ಎಲ್ಲವೂ ಯಾರಿಗೋ ಬೇಡವಾದವು. ಅದಕ್ಕೆ ಎರಡನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ.

ಮೊದಲ ಮೊಲ ಸಿಕ್ಕಿದ್ದು ವರ್ಗವಾಗಿ ಹೊರಟವರ ಮನೆಯಿಂದ. ಮಾಳಿಗೆಯ ಮೇಲೆ ತಗಡಿನ ಕೆಳಗೆ ಪಂಜರದಲ್ಲಿತ್ತು. ಪಂಜರದ ತಳಕ್ಕೂ ತಂತಿಯೇ ಇದ್ದದ್ದರಿಂದ ಹಿಂಗಾಲಿನ ಕೂದಲೆಲ್ಲ ಸವೆದು ಹುಣ್ಣಾಗಿತ್ತು. ನಾಯಿ, ಬೆಕ್ಕಿನ ಅಂಗಾಲಲ್ಲಿರುವಂಥ ಮೆತ್ತೆ ಮೊಲಕ್ಕೆ ಇಲ್ಲ, ಕೂದಲೊಂದೇ ರಕ್ಷಣೆ. ಕರಿಯವ್ವ ಎಂದು ಹೆಸರಿಟ್ಟೆ. ನನ್ನನ್ನು ಕಂಡರೆ ಹಿಂಗಾಲು ನೆಲಕ್ಕೆ ಬಡಿದು ಮೂಲೆ ಸೇರುತ್ತಿತ್ತು. ನಾನು ಎತ್ತಿಕೊಳ್ಳಲು ಹೋಗದೆ ಫರಶಿ ಮೇಲೆ ಸುಮ್ಮನೆ ಓದುತ್ತ ಕೂರುತ್ತಿದ್ದೆ. ಒಂದು ಸಂಜೆ ತಾನಾಗಿ ಬಂದು ನನ್ನ ಕಾಲಿಗೆ ಗದ್ದ ಉಜ್ಜಿತು. ಮೊಲದ ಗದ್ದದ ಕೆಳಗೆ ವಾಸನೆಯ ಗ್ರಂಥಿ ಇರುತ್ತದೆ, ಉಜ್ಜಿದ್ದು ತನ್ನದು ಎಂದು ಗುರುತು ಹಾಕುವ ರೀತಿ ಅದು. ಆಮೇಲೆ ತಲೆ ಸವರಿದರೆ ಹಲ್ಲು ಮೆತ್ತಗೆ ಕಡಿಯತೊಡಗಿತು, ಖುಷಿಯಾದರೆ ಗಾಳಿಯಲ್ಲೇ ಮೈ ತಿರುಚಿ ಜಿಗಿಯತೊಡಗಿತು. ಈ ಪ್ರಾಣಿ ಬೊಗಳುವುದಿಲ್ಲ, ಕರೆಯುವುದಿಲ್ಲ. ಅದು ಏನು ಹೇಳುತ್ತಿದೆ ಎಂದು ನೋಡನೋಡುತ್ತಲೇ ನಮ್ಮ ದಿನ ಅದರ ಸುತ್ತ ಕಟ್ಟಿಕೊಂಡುಬಿಡುತ್ತದೆ. ನನಗೆ ಆಗಿದ್ದು ಅಷ್ಟೇ.

ಆದರೆ ನೋಡಬೇಕಾದ್ದು ಏನು ಎಂದು ಕಲಿಸಿದವರು ಪಕ್ಕದ ಮನೆಯ ಅಜ್ಜ. ಲಕ್ಷ್ಮೇಶ್ವರದ ಕಡೆ ಕುರಿ ಮೇಯಿಸಿದವರು. "ಮಾರಿ ನೋಡಿದ್ರ ಏನೂ ತಿಳಿಯಂಗಿಲ್ಲ ತಂಗಿ, ಹಿಕ್ಕಿ ನೋಡು. ಹೊಟ್ಟಿ ನಿಂತ್ರ ಹಿಕ್ಕಿ ಮೊದಲು ಹೇಳ್ತೈತಿ" ಅಂದರು. ಅವರ ಮಾತು ಮೊಲಕ್ಕೆ ಅಕ್ಷರಶಃ ನಿಜ. ಬೇಟೆಗೆ ಗುರಿಯಾಗುವ ಪ್ರಾಣಿಯಾದ್ದರಿಂದ ಅದು ನೋವು ಮುಚ್ಚಿಡುತ್ತದೆ. ಆರೋಗ್ಯವಾಗಿದ್ದರೆ ಹಿಕ್ಕೆ ದುಂಡಗೆ, ಹೆಚ್ಚುಕಡಿಮೆ ಕಡಲೆ ಗಾತ್ರ, ಪುಡಿ ಮಾಡಿದರೆ ಒಳಗೆ ಬರೀ ಹುಲ್ಲು. ಗಾತ್ರ ಸಣ್ಣದಾದರೆ, ಸಂಖ್ಯೆ ಕಡಿಮೆಯಾದರೆ, ಕೂದಲಿನಿಂದ ಒಂದಕ್ಕೊಂದು ಪೋಣಿಸಿಕೊಂಡು ಬಂದರೆ ಎಚ್ಚರ. 12 ತಾಸು ಏನೂ ತಿನ್ನದೆ, ಹಿಕ್ಕೆ ಹಾಕದೆ ಮುದುಡಿ ಕೂತಿದ್ದರೆ ನಾಳೆ ನೋಡೋಣ ಅನ್ನಬೇಡಿ, ಕರುಳು ನಿಂತು ಒಂದೆರಡು ದಿನದಲ್ಲೇ ಸಾಯಬಹುದು. ಇನ್ನೊಂದು ಬಗೆಯ ಮೆತ್ತನೆಯ, ಗೊಂಚಲಾಗಿ ಬರುವ ಹಿಕ್ಕೆಯನ್ನು ಅದು ನೇರ ಬಾಯಿ ಹಾಕಿ ತಿನ್ನುತ್ತದೆ. ಅಸಹ್ಯಪಟ್ಟು ಬಿಡಿಸಲು ಹೋಗಬೇಡಿ, ಬಿ ಜೀವಸತ್ವ ಮತ್ತು ಪ್ರೋಟೀನು ಅದಕ್ಕೆ ಸಿಗುವ ದಾರಿಯೇ ಅದು.

ಹೊಟ್ಟೆ ನಡೆಯಬೇಕಾದರೆ ಹುಲ್ಲು ಬೇಕು. ತಿನ್ನುವುದರಲ್ಲಿ ನೂರಕ್ಕೆ 80 ಪಾಲಿಗಿಂತ ಹೆಚ್ಚು ಹುಲ್ಲೇ ಇರಬೇಕು, ಹಗಲು ರಾತ್ರಿ ಮುಂದೆ ಬಿದ್ದಿರಬೇಕು. ಮೊಲದ ಹಲ್ಲು ಜೀವನಪೂರ್ತಿ ಬೆಳೆಯುತ್ತದೆ, ಮುಂದಿನ ಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್. ಹುಲ್ಲು ಅಗಿಯುತ್ತಲೇ ಅದು ಸವೆಯಬೇಕು. ಪೇಟೆಯ ಪ್ಯಾಕೆಟ್ ಹುಲ್ಲು ದುಬಾರಿ, ನಮಗೆ ಅದು ಬೇಕಾಗಿಯೂ ಇಲ್ಲ. ಗರಿಕೆ, ಗಿನಿ ಹುಲ್ಲು ನಮ್ಮ ಕಡೆ ಚೆನ್ನಾಗಿ ಬೆಳೆಯುತ್ತವೆ. ಮೇವಿನ ಬೆಳೆಗಳ ಮೇಲೆಯೇ ಕೆಲಸ ಮಾಡುವ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಧಾರವಾಡದಲ್ಲೇ ಇದೆ. ಔಷಧ ಹೊಡೆಯದ ಹೊಲದ ಹುಲ್ಲನ್ನು ನೆರಳಲ್ಲಿ ಒಣಗಿಸಿ ಗೋಣಿಚೀಲದಲ್ಲಿ ತುಂಬಿಡುತ್ತೇನೆ, ಬೂಸ್ಟು ಬಂದರೆ ಎಸೆಯುತ್ತೇನೆ. ಹಸಿರು ಎಂದು ಎಳೆ ಜೋಳದ ಪೈರು ತಂದು ಹಾಕಬೇಡಿ, ಅದರಲ್ಲಿ ವಿಷ ಇರುತ್ತದೆಂದು ದನ ಕಟ್ಟಿದವರನ್ನು ಕೇಳಿದರೂ ಹೇಳುತ್ತಾರೆ. ಕೊತ್ತಂಬರಿ, ಮೂಲಂಗಿ ಸೊಪ್ಪು ದಿನಾ ಒಂದು ಹಿಡಿ ಸಾಕು. ಚಿತ್ರದ ಪುಸ್ತಕದಲ್ಲಿ ಮೊಲದ ಕೈಗೆ ಕೊಡುವ ಗಜ್ಜರಿ ಸಕ್ಕರೆ ಜಾಸ್ತಿಯ ಗಡ್ಡೆ, ಆಗೊಂದು ಈಗೊಂದು ತುಂಡು ಮಾತ್ರ. ರೊಟ್ಟಿ, ಬಿಸ್ಕಿಟು, ಚುರಮುರಿ ಬೇಡವೇ ಬೇಡ.

ಇನ್ನು ಗದಗದ ಬಿಸಿಲು. ಮೊಲಕ್ಕೆ ಹಿತವೆನಿಸುವುದು 15ರಿಂದ 22 ಡಿಗ್ರಿ. 30 ದಾಟಿದರೆ ಜೀವಕ್ಕೇ ಅಪಾಯ, ನಿಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 38 ಕೂಡ ದಾಟುತ್ತದೆ. ಅದು ಬೆವರುವುದಿಲ್ಲ, ಮೈಯ ಶಾಖ ಹೋಗುವುದು ಹೆಚ್ಚಾಗಿ ಕಿವಿಯಿಂದ. ಮಾಳಿಗೆ, ತಗಡಿನ ಶೆಡ್ ಬಿಡಿ. ಒಳಮನೆಯ ಫರಶಿ ನೆಲ, ಕಿಟಕಿಗೆ ಒದ್ದೆ ಗೋಣಿ, ಅಗಲ ಬಾಯಿಯ ಮಣ್ಣಿನ ಪಾತ್ರೆಯಲ್ಲಿ ನೀರು, ಮಧ್ಯಾಹ್ನಕ್ಕೆ ಮಂಜುಗಟ್ಟಿದ ನೀರಿನ ಬಾಟಲಿ ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಡಿ. ಇಷ್ಟು ಮಾಡಲು ಆಗದ ಮನೆಯಾದರೆ ತರಬೇಡಿ ಎಂದೇ ಹೇಳುತ್ತೇನೆ.

ಜೋಡಿಯ ವಿಷಯ ಬಹಳ ಮುಖ್ಯ. ನಾಲ್ಕೈದು ತಿಂಗಳಿಗೇ ಮೊಲ ಬೆದೆಗೆ ಬರುತ್ತದೆ, ಗಬ್ಬ ಸುಮಾರು 31 ದಿನ, ಮರಿ ಹಾಕಿದ ದಿನವೇ ಮತ್ತೆ ಗಬ್ಬವಾಗಬಲ್ಲದು. ಆರು ತಿಂಗಳಲ್ಲಿ ಮನೆ ತುಂಬುತ್ತದೆ, ಆಮೇಲೆ ಜನ ಡಬ್ಬಿಯಲ್ಲಿ ತುಂಬಿ ಎಲ್ಲಾದರೂ ಬಿಡುತ್ತಾರೆ. "ಕಲಘಟಗಿ ಕಾಡಿಗೆ ಬಿಟ್ಟು ಬಂದ್ವಿ, ಆರಾಮ ಇರ್ತಾವ" ಎಂದು ನನಗೆ ಹೇಳಿದವರಿದ್ದಾರೆ. ಆ ಮಾತು ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಸಾಕು ಮೊಲ ಯುರೋಪಿನ ಮೂಲದ್ದು, ಬಿಳಿ ಮೈಯ ಅದು ನಮ್ಮ ಕಾಡಿನಲ್ಲಿ ನಾಯಿ, ನರಿಯ ಬಾಯಿಗೇ. ನಮ್ಮ ಹೊಲದ ಕಾಡುಮೊಲ ಬೇರೆಯೇ ಜಾತಿ, 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ. ಅದರ ಮರಿ ಒಂಟಿಯಾಗಿ ಕಂಡರೂ ಮುಟ್ಟಬಾರದು, ತಾಯಿ ಕತ್ತಲಾದ ಮೇಲೆ ಬಂದು ಹಾಲು ಕೊಟ್ಟು ಹೋಗುತ್ತದೆ.

ಮಗನಿಗೆ ಮೊಲದ ಮೇಲೆ ಪ್ರೀತಿ ಇರುವುದು ಒಳ್ಳೆಯದೇ. ಆದರೆ ಎತ್ತಿ ಮುದ್ದಾಡುವ ಆಸೆಯಿದ್ದರೆ ಈಗಲೇ ತಿಳಿಸಿ ಹೇಳಿ. ಕಿವಿ ಹಿಡಿದು ಎತ್ತಿದರೆ ಬಲು ನೋವು, ಎತ್ತಿದಾಗ ಹೆದರಿ ಒದ್ದುಕೊಂಡರೆ ಬೆನ್ನುಮೂಳೆಯೇ ಮುರಿಯಬಹುದು. ಚೆನ್ನಾಗಿ ನೋಡಿಕೊಂಡರೆ ಎಂಟು ಹತ್ತು ವರ್ಷ ಬದುಕುತ್ತದೆ, ಅಂದರೆ ನಿಮ್ಮ ಮಗ ಪಿಯುಸಿ ಮುಗಿಸುವ ತನಕ. ಅಷ್ಟು ದಿನ ಹುಲ್ಲು ಹಾಕಿ ಕಸ ಬಳಿಯುವವರು ನೀವೇ.

ಇಷ್ಟಾದ ಮೇಲೂ ಮನಸ್ಸಿದ್ದರೆ ಸಂತೆಯ ಮರಿ ಬಿಟ್ಟು, ಯಾರೋ ಕೈಬಿಟ್ಟ ಬೆಳೆದ ಮೊಲ ತನ್ನಿ, ಅದರ ಸ್ವಭಾವ ಮೊದಲೇ ಗೊತ್ತಾಗುತ್ತದೆ. ಮೊಲಕ್ಕೆ ಜತೆ ಬೇಕು ನಿಜ, ಆದರೆ ಸಂತಾನಹರಣ ಮಾಡಿಸಿದ ಮೇಲೆ. ಗಂಡಿಗೆ ಮಾಡಿಸಿದ ನಂತರವೂ ಒಂದು ತಿಂಗಳಿಗಿಂತ ತುಸು ಹೆಚ್ಚು ಕಾಲ ಹೆಣ್ಣಿನಿಂದ ಬೇರೆ ಇಡಬೇಕು. ಹೆಣ್ಣಿಗೆ ಮಾಡಿಸದೆ ಬಿಟ್ಟರೆ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ಬರುವುದು ತೀರ ಸಾಮಾನ್ಯ. ಮೊಲ ತರುವ ಮುಂಚೆಯೇ ಡಾಕ್ಟರನ್ನು ಹುಡುಕಿಟ್ಟುಕೊಳ್ಳಿ. ನಿಮ್ಮೂರಲ್ಲೇ ಪಶುವೈದ್ಯಕೀಯ ಕಾಲೇಜಿದೆ, ಅಲ್ಲಿ ವಿಚಾರಿಸಿ. "ಆಪರೇಷನ್ನಿಗೆ ಮುಂಚೆ ರಾತ್ರಿಯೆಲ್ಲ ಉಪವಾಸ ಇಡಬೇಕಾ?" ಎಂದು ಕೇಳಿ ನೋಡಿ. ಉಪವಾಸ ಇಡಿಸುವುದು ವಾಂತಿಯಾಗಬಾರದೆಂದು. ಆದರೆ ಮೊಲಕ್ಕೆ ವಾಂತಿಯಾಗುವುದೇ ಇಲ್ಲ, ಉಪವಾಸ ಇಟ್ಟರೆ ಕರುಳೇ ನಿಲ್ಲಬಹುದು. ಇಡಬೇಕು ಅಂದವರ ಕೈಗೆ ಕೊಡಬೇಡಿ. ಮೂಗು, ಕಿವಿ ತುದಿಯಲ್ಲಿ ಬಿಳಿ ಹಕ್ಕಳೆ ಕಟ್ಟುವ ಕಜ್ಜಿಗೆ ತೂಕ ನೋಡಿ ಡಾಕ್ಟರೇ ಔಷಧ ಕೊಡಲಿ. ನಾಯಿಯ ಮೈಮೇಲಿನ ಉಣ್ಣಿ ಹುಳಕ್ಕೆ ಹಾಕುವ ಫಿಪ್ರೊನಿಲ್ ಔಷಧ ಮೊಲಕ್ಕೆ ವಿಷ, ಬಾಯಿಗೆ ಹಾಕುವ ಅಮಾಕ್ಸಿಸಿಲಿನ್ ಎಂಬ ಆಂಟಿಬಯೋಟಿಕ್ ಕೂಡ.

ರಜೆಗೆ ಧಾರವಾಡದ ಕಡೆ ಬಂದರೆ ಮಗನನ್ನು ಕರೆದುಕೊಂಡು ಬನ್ನಿ. ಒಂದು ದಿನ ಹುಲ್ಲು ಹಾಕಿ, ಹಿಕ್ಕೆ ಬಳಿದು, ನೆಲದ ಮೇಲೆ ಕೂತು ನೋಡಲಿ. ಆಮೇಲೂ ಬೇಕು ಅಂದರೆ ನಿಮ್ಮಲ್ಲಿ ನೆಡಲು ಹುಲ್ಲಿನ ಬೇರುಕಡ್ಡಿ ನಾನೇ ಕೊಡುತ್ತೇನೆ.